ವಾಹನದ ನಿಸ್ತಂತುಯಂತ್ರವೂ ಕನ್ನಡದ ನಿಷೇಧಪದವೂ

೧

ವಾಹನದೊಳಗೆ ಕೂಡಿಸಿದ ನಿಸ್ತಂತುಯಂತ್ರವನ್ನು ಸುರಕ್ಷಿತವಾಗಿ ಬಳಸುವುದು ಹೇಗೆಂಬ ವಿಚಾರಕ್ಕೆ ಭಾಷಾಸಾಹಿತ್ಯಗಳ ಸಂಶೋಧನ ಪತ್ರಿಕೆಯಲ್ಲಿ ಎಡೆಯೇನೆಂದು ವಾಚಕರು ಶಂಕಿಸಬಹುದು. ಯಂತ್ರವು ಯಂತ್ರಜ್ಞನಿಗೆ ಸೇರಿದ್ದು, ವಾಹನವು ಚಾಲಕನಿಗೆ ಸೇರಿದ್ದು. ಇದರಲ್ಲಿ ಭಾಷಾವಿದನಿಗೆ ಉಳಿಯುವ ಭಾಗವಾವುದು? ಈ ಯಂತ್ರದಿಂದ ಒದಗಬಹುದಾದ ಅಪಾಯಗಳನ್ನು ಎಣಿಸುತ್ತ ಹೋದರೆ ಉತ್ತರವು ತಾನಾಗಿಯೇ ದೊರೆಯುವುದು. ಅವುಗಳಲ್ಲಿ ಕೆಲವು ತಂತಿ, ಬೆಂಕಿ, ಚಕ್ರ, ರಸ್ತೆಗಳಿಗೆ ಸೇರಿದವು. ಅಂಥವಕ್ಕೆ ಯಂತ್ರದೊಡನೆ ಬರುವ ಕೈಪಿಡಿಯಲ್ಲಿ ಪರಿಹಾರ ಹೇಳಿರುತ್ತದೆ. ಉಳಿದವು ಮಾತಿಗೆ ಸೇರಿದವು: ಹೇಳಿದ ಮಾತು ಅರ್ಧವಾಗಿ ಕೇಳಿಸುವುದು, ಒಂದು ಸಂಖ್ಯೆ ಮತ್ತೊಂದಾಗಿ ಕೇಳಿಸುವುದು, ‘ಬೇಡ’ ಎಂದದ್ದು ‘ಬೇಕು’ ಎಂದು ತಿಳಿಯುವುದು. ಇಂಥವಕ್ಕೆ ಪರಭಾಷೆಯ ಕೈಪಿಡಿಯಲ್ಲಿ ಪೂರ್ಣ ಪರಿಹಾರ ಸಿಕ್ಕದು. ಏಕೆಂದರೆ ಅಪಾಯವು ಕನ್ನಡದ ಜಾಯಮಾನದಲ್ಲಿಯೇ ಒಂದು ಸೂಕ್ಷ್ಮ ಸ್ಥಾನದಲ್ಲಿ ಅಡಗಿದೆ. ಆ ಸ್ಥಾನವನ್ನು ತೋರಿಸಿ, ಅದರ ಸುತ್ತ ಈ ಯಂತ್ರದ ಬಳಕೆಯ ಇತರ ನಿಯಮಗಳನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಉದಾಹರಣೆಗಳಿಗಾಗಿ ನಾವು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಚಿಂಚಲಿಯನ್ನೂ ಅದರ ನೆರೆಯ ಕೃಷ್ಣಾತೀರವನ್ನೂ ಆರಿಸಿಕೊಂಡಿದ್ದೇವೆ. ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು ಜಾತ್ರೆ. ಮಾಘ ಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ ಮಾಯಕ್ಕ ದೇವಿಯ ದರ್ಶನಕ್ಕೆ ಲಕ್ಷಾಂತರ ಜನ ಇಲ್ಲಿ ನೆರೆಯುತ್ತಾರೆ. ಸಾಂಗಲಿ, ಕೊಲ್ಹಾಪುರ, ಸಾತಾರಾ, ಸೋಲಾಪುರ ಕಡೆಗಳಿಂದ ಎತ್ತಿನ ಬಂಡಿಗಳನ್ನು ಕಟ್ಟಿಕೊಂಡು ಬರುವ ಮಹಾರಾಷ್ಟ್ರದ ಭಕ್ತರೂ ಅವರಲ್ಲಿ ಬಹುಮಂದಿ. ಹುಣ್ಣಿಮೆಯು ಕಬ್ಬಿನ ಕಟಾವು ಇನ್ನೂ ನಡೆದಿರುವ ಕಾಲದಲ್ಲಿಯೇ ಬೀಳುವುದರಿಂದ ಭಕ್ತರ ಬಂಡಿಯೂ ಕಬ್ಬು ಹೇರಿದ ಟ್ರ್ಯಾಕ್ಟರೂ ಒಂದೇ ರಸ್ತೆಯಲ್ಲಿ, ಹಲವು ವೇಳೆ ಒಂದೇ ರಾತ್ರಿಯಲ್ಲಿ ಚಲಿಸುವವು. ಎರಡನೆಯದು ಹೊಳೆ. ೨೦೦೫, ೨೦೧೯, ೨೦೨೧ನೆಯ ಇಸವಿಗಳಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಈ ಪ್ರಾಂತವನ್ನು ಬಾಧಿಸಿದವು. ಕುಡಚಿ ಉಗಾರಗಳ ನಡುವಣ ಸೇತುವೆಯು ಮುಳುಗಿ ರಸ್ತೆ ಮುಚ್ಚುವುದು ಇಲ್ಲಿಯ ಜನಕ್ಕೆ ಪರಿಚಿತವಾದ ಸಂಗತಿ. ಮೂರನೆಯದು ಗಡಿ. ಕನ್ನಡ ಮರಾಠಿಗಳೆರಡೂ ಇಲ್ಲಿ ಒಂದೇ ಬಾಯಲ್ಲಿ ಒಂದೇ ಗಳಿಗೆಯಲ್ಲಿ ಬೆರೆತು ಬರುತ್ತವೆ. ಜಾತ್ರೆಯ ಬಂದೋಬಸ್ತಿನ ಪೋಲೀಸು ವಾಹನವಾಗಲಿ, ನೆರೆಯಲ್ಲಿ ಜನರನ್ನು ಎತ್ತುವ ರಕ್ಷಣಾ ವಾಹನವಾಗಲಿ, ಇವುಗಳಲ್ಲಿ ಕುಳಿತವನ ಒಂದು ಮಾತಿನ ಮೇಲೆ ಅನೇಕರ ಪ್ರಾಣ ನಿಂತಿರುತ್ತದೆ.

೨

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. ವಾಹನದಲ್ಲಿ ನಿಸ್ತಂತುಯಂತ್ರವನ್ನಿಡುವ ಪದ್ಧತಿಯನ್ನು ಬೆಳೆಸಿದವರು ಅಮೆರಿಕೆಯ ಪೋಲೀಸರು. ೧೯೨೮ರಲ್ಲಿ ಡೆಟ್ರಾಯಿಟ್ ನಗರದ ಪೋಲೀಸು ಕಾರುಗಳಲ್ಲಿ ಇದ್ದ ಯಂತ್ರವು ಕೇಳುವುದಕ್ಕೆ ಮಾತ್ರ ಉಪಯುಕ್ತವಾಗಿತ್ತು. ಠಾಣೆಯು ಹೇಳಬಹುದು, ಕಾರು ಉತ್ತರ ಕೊಡಲಾರದು. ೧೯೩೩ರಲ್ಲಿ ನ್ಯೂ ಜೆರ್ಸಿ ಸಂಸ್ಥಾನದ ಬಯೋನ್ ಎಂಬ ಊರಿನಲ್ಲಿ ಕಾರಿನಿಂದಲೂ ಮರುಮಾತನಾಡುವ ಯಂತ್ರವು ಬಳಕೆಗೆ ಬಂತು. ೧೯೪೦ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಪೋಲೀಸರು ಸದ್ದುಗದ್ದಲವನ್ನು ಚೆನ್ನಾಗಿ ತಡೆಯುವ ಆವೃತ್ತಿವ್ಯತ್ಯಯದ, ಎಂದರೆ ಎಫ್‌. ಎಂ. ಪದ್ಧತಿಯನ್ನು ವಾಹನಗಳಿಗೆ ಅಳವಡಿಸಿದರು. ಇಂದು ನಮ್ಮಲ್ಲಿ ಜನರು ‘ವಾಯರ್‌ಲೆಸ್’ ಎಂದು ಕರೆಯುವ ವಾಹನಯಂತ್ರವು ಬಹುಮಟ್ಟಿಗೆ ಈ ಪದ್ಧತಿಯ ಸಂತತಿಯೇ. ಅಂಕಕ್ರಮದ, ಎಂದರೆ ಡಿಜಿಟಲ್ ಯಂತ್ರಗಳು ಈಚೆಗೆ ಅದರೊಡನೆ ಸೇರಿವೆ.

ದೂರವಾಣಿಗೂ ಇದಕ್ಕೂ ಇರುವ ಮುಖ್ಯ ಭೇದವು ಒಂದು ಗುಂಡಿಯಲ್ಲಿದೆ. ದೂರವಾಣಿಯಲ್ಲಿ ಇಬ್ಬರೂ ಏಕಕಾಲದಲ್ಲಿ ಹೇಳಬಹುದು, ಕೇಳಬಹುದು. ಇಲ್ಲಿ ಮೈಕಿನ ಗುಂಡಿಯನ್ನು ಒತ್ತಿರುವಷ್ಟು ಹೊತ್ತು ಯಂತ್ರವು ಹೇಳುತ್ತದೆ, ಕೇಳುವುದಿಲ್ಲ. ಬಿಟ್ಟಾಗ ಕೇಳುತ್ತದೆ, ಹೇಳುವುದಿಲ್ಲ. ಒಂದು ತರಂಗಮಾರ್ಗದಲ್ಲಿ ಹತ್ತು ವಾಹನಗಳಿದ್ದರೂ ಒಂದು ಗಳಿಗೆಯಲ್ಲಿ ಒಬ್ಬನು ಮಾತ್ರ ಮಾತನಾಡತಕ್ಕದ್ದು. ಇಬ್ಬರು ಒಟ್ಟಿಗೆ ಮಾತನಾಡಿದರೆ ಎಫ್‌. ಎಂ. ಪದ್ಧತಿಯಲ್ಲಿ ಬಲವಾದ ಅಲೆಯು ದುರ್ಬಲವಾದುದನ್ನು ನುಂಗಿಬಿಡುವುದು. ಹತ್ತಿರದ ವಾಹನದಲ್ಲಿರುವವನ ಸಾಮಾನ್ಯವಾದ ಮಾತು ಕೇಳಿಸಿ, ದೂರದ ಹೊಳೆಯ ದಡದಲ್ಲಿರುವವನ ಮೊರೆಯು ಕೇಳದೆ ಹೋಗಬಹುದು. ಅಡಗಿದ ಮಾತೊಂದು ಇತ್ತೆಂಬ ಸುಳಿವು ಕೂಡ ಕೇಳುವವನಿಗೆ ಸಿಕ್ಕದಿರಬಹುದು. ಆದಕಾರಣ ಗುಂಡಿಯನ್ನು ಒತ್ತುವ ಮೊದಲು ಕಿವಿಗೊಡಬೇಕೆಂಬುದು ಈ ವಿದ್ಯೆಯ ಪ್ರಥಮ ಸೂತ್ರ. ಮೈಕನ್ನು ಅದರ ಕೊಕ್ಕೆಯಲ್ಲಿಯೇ ತೂಗುಹಾಕಬೇಕೆಂಬ ನಿಯಮಕ್ಕೂ ಇದೇ ಕಾರಣ. ಆಸನದ ಮೇಲೆ ಎಸೆದ ಮೈಕಿನ ಗುಂಡಿಯು ಯಾವುದಾದರೂ ಭಾರದ ಕೆಳಗೆ ಒತ್ತಿಕೊಂಡರೆ ಆ ಒಂದು ವಾಹನವು ಇಡೀ ಪ್ರಾಂತದ ಬಾಯನ್ನು ಕಟ್ಟಿಹಾಕುತ್ತದೆ. ಒಳಗಿನವರಿಗೆ ಅದರ ಅರಿವೂ ಇರುವುದಿಲ್ಲ.

ಮಾತುಗಳು ಒಂದರ ಮೇಲೊಂದು ಬಿದ್ದುದರ ಫಲವು ಎಷ್ಟು ಘೋರವಾಗಬಹುದೆಂಬುದಕ್ಕೆ ೧೯೭೭ನೆಯ ಮಾರ್ಚ್ ೨೭ರಂದು ಕೆನರಿ ದ್ವೀಪಗಳ ಟೆನೆರಿಫ್ ವಿಮಾನನಿಲ್ದಾಣದಲ್ಲಿ ನಡೆದ ದುರಂತವು ಸಾಕ್ಷಿ. ಮಂಜು ಕವಿದ ಓಟದ ಪಟ್ಟಿಯ ಮೇಲೆ ಒಂದು ವಿಮಾನವು ಇನ್ನೂ ಇರುವಾಗಲೇ ಮತ್ತೊಂದು ಏರುವುದಕ್ಕೆ ಓಡತೊಡಗಿತು. ನಿಯಂತ್ರಣ ಗೋಪುರವು ಕಾಯಲು ಹೇಳಿದ ಮಾತೂ, ತಾನಿನ್ನೂ ಪಟ್ಟಿಯ ಮೇಲೆಯೇ ಇದ್ದೇನೆಂದು ಮೊದಲ ವಿಮಾನವು ಹೇಳಿದ ಮಾತೂ ಒಂದೇ ಕ್ಷಣದಲ್ಲಿ ಹೊರಟು, ಓಡುತ್ತಿದ್ದ ವಿಮಾನದೊಳಗೆ ಕೇವಲ ಕೀರಲು ದನಿಯಾಗಿ ಕೇಳಿಸಿದವು. ೫೮೩ ಮಂದಿ ಮಡಿದರು. ಗೋಪುರದವರು ಆರಂಭದಲ್ಲಿ ಉಚ್ಚರಿಸಿದ್ದ ಸಮ್ಮತಿಯ ಪದವೊಂದು ಮಾತ್ರ ಸ್ಪಷ್ಟವಾಗಿ ತಲುಪಿತ್ತು. ತಡೆಯುವ ಮಾತು ಅದರ ಬೆನ್ನಿಗೆ ಇತ್ತು. ಅಂದರೆ ನಿಷೇಧವು ವಾಕ್ಯದ ಕಡೆಯಲ್ಲಿತ್ತು. ಆ ಮೇಲೆ ವೈಮಾನಿಕ ಸಂಭಾಷಣೆಯ ಪದಗಳನ್ನೇ ತಿದ್ದಿದರು: ಏರುವಿಕೆಯನ್ನು ಸೂಚಿಸುವ ಪದವನ್ನು ಅದಕ್ಕೆ ಅಪ್ಪಣೆ ಕೊಡುವಾಗ ಅಥವಾ ಕೊಟ್ಟ ಅಪ್ಪಣೆಯನ್ನು ಹಿಂತೆಗೆಯುವಾಗ ಹೊರತು ಬೇರೆಡೆ ಬಳಸಕೂಡದೆಂದು ವಿಧಿಸಿದರು. ಯಂತ್ರವನ್ನು ತಿದ್ದಿದಂತೆಯೇ ನುಡಿಯನ್ನೂ ತಿದ್ದಬಹುದೆಂಬುದನ್ನು ಇಲ್ಲಿ ಗಮನಿಸಬೇಕು.

೩

ಈಗ ಕನ್ನಡಕ್ಕೆ ಬರೋಣ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕಡೆಯಲ್ಲಿಯೂ, ವಿಧಿನಿಷೇಧಗಳನ್ನು ತಿಳಿಸುವ ಅಂಶವು ಆ ಕ್ರಿಯಾಪದದ ಕಡೆಯಲ್ಲಿಯೂ ನಿಲ್ಲುತ್ತವೆ. ‘ದಾಟಬೇಕು’, ‘ದಾಟಬೇಡಿ’ ಎಂಬ ಎರಡು ರೂಪಗಳನ್ನು ನೋಡಿರಿ. ‘ದಾಟಬೇ’ ಎಂಬವರೆಗೆ ಎರಡೂ ಒಂದೇ. ‘ದಾಟಬಹುದು’, ‘ದಾಟಬಾರದು’ ಎಂಬಲ್ಲಿ ಭೇದವು ಸ್ವಲ್ಪ ಮುಂಚೆ ತಲೆದೋರಿದರೂ, ಶೀಘ್ರವಾಗಿ ಆಡುವಾಗ ‘ಬಹು’ ಎಂಬುದು ‘ಬೌ’ ಎಂದಾಗಿ ‘ಬಾ’ ಎಂಬುದಕ್ಕೆ ಬಹು ಸಮೀಪವಾಗುವುದು. ‘ನೀರು ಬಂದಿದೆ’, ‘ನೀರು ಬಂದಿಲ್ಲ’ ಎಂಬಲ್ಲಿ ‘ಬಂದಿ’ ಎಂಬಷ್ಟು ಕೇಳಿದವನಿಗೆ ನೀರು ಬಂದಿತೋ ಇಲ್ಲವೋ ತಿಳಿಯಲಾರದು. ಇಡೀ ವಾಕ್ಯದ ಪ್ರಾಣವು ತುದಿಯ ಒಂದೆರಡು ಅಕ್ಷರಗಳಲ್ಲಿದೆ.

ನಿಸ್ತಂತುಯಂತ್ರವು ಮೊದಲು ಕತ್ತರಿಸುವುದು ಈ ತುದಿಯನ್ನೇ. ಅವಸರದಲ್ಲಿರುವವನು ಕೊನೆಯ ಅಕ್ಷರವನ್ನು ಆಡುತ್ತಿರುವಾಗಲೇ ಹೆಬ್ಬೆರಳನ್ನು ಸಡಿಲಿಸುತ್ತಾನೆ. ವಾಕ್ಯಾಂತದಲ್ಲಿ ನಮ್ಮ ಸ್ವರವು ಸಹಜವಾಗಿಯೇ ಇಳಿಯುತ್ತದೆ, ಉಸಿರೂ ಕುಗ್ಗುತ್ತದೆ. ಇದಲ್ಲದೆ ಸಂಭಾಷಣೆಗಾಗಿ ರಚಿಸಿದ ಈ ಯಂತ್ರಗಳು ಸ್ಥೂಲವಾಗಿ ಸೆಕೆಂಡಿಗೆ ೩೦೦ರಿಂದ ೩,೦೦೦ದವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತವೆ. ಸ್ವರಗಳ ಲಕ್ಷಣವು ಬಹಳಮಟ್ಟಿಗೆ ಈ ಎಲ್ಲೆಯೊಳಗೆ ಉಳಿಯುವುದು. ಸಕಾರ ಶಕಾರಗಳ ಸೀತ್ಕಾರವೂ ವ್ಯಂಜನಗಳ ಸ್ಥಾನಭೇದವನ್ನು ತಿಳಿಸುವ ಸೂಕ್ಷ್ಮ ಸ್ಫೋಟಗಳೂ ಬಹುಭಾಗ ಹೊರಗುಳಿಯುವವು. ಎಂಜಿನ್ನಿನ ಸದ್ದು, ಮಳೆಯ ಸದ್ದು, ಜಾತ್ರೆಯ ಡೊಳ್ಳಿನ ಸದ್ದು ಇದಕ್ಕೆ ಸೇರಿದರೆ ವ್ಯಂಜನವು ಮತ್ತಷ್ಟು ಮರೆಯಾಗುತ್ತದೆ. ‘ಬೇಕು’ ‘ಬೇಡ’ ಎಂಬೀ ಪದಗಳ ಮೊದಲ ಸ್ವರವು ಒಂದೇ ಆಗಿದ್ದು, ಭೇದವೆಲ್ಲ ಕಡೆಯ ಅಕ್ಷರದಲ್ಲಿಯೇ ಇರುವುದರಿಂದ ಪ್ರಾಣಸಂಕಟದ ವೇಳೆಯಲ್ಲಿ ಇವು ಅತ್ಯಂತ ಅವಿಶ್ವಸನೀಯವಾದ ಜೋಡಿ. ಹಳಗನ್ನಡದ ‘ವೇೞ್ಕುಂ’ ಎಂಬ ರೂಪದಲ್ಲಿ ನಡುವಣ ೞಕಾರವಾದರೂ ಭೇದವನ್ನು ಕಾಯುತ್ತಿತ್ತು. ಅದು ಲೋಪವಾಗಿ ಹೊಸಗನ್ನಡದ ರೂಪಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿವೆ.

ಇಲ್ಲಿ ಒಂದು ಸಂಗತಿಯು ವಿಚಾರಾರ್ಹವಾಗಿದೆ. ಚಿಂಚಲಿಯ ಕಡೆಯ ಆಡುನುಡಿಯಲ್ಲಿ ಜನರು ‘ಬೇಡ’ ಎನ್ನುವುದಿಲ್ಲ, ‘ಬ್ಯಾಡ’ ಎನ್ನುತ್ತಾರೆ; ‘ಇದೆ’ ಎನ್ನುವುದಿಲ್ಲ, ‘ಐತಿ’ ಎನ್ನುತ್ತಾರೆ. ‘ಬೇಕು’ ‘ಬ್ಯಾಡ’ ಎಂಬಲ್ಲಿ ಭೇದವು ಮೊದಲ ಸ್ವರದಲ್ಲಿಯೇ ಪ್ರಕಟವಾಗುವುದು. ‘ಬಂದೈತಿ’ ‘ಬಂದಿಲ್ಲ’ ಎಂಬಲ್ಲಿಯೂ ಹಾಗೆಯೇ. ಯಂತ್ರವು ಉಳಿಸುವುದು ಸ್ವರವನ್ನು; ಆಡುನುಡಿಯು ಭೇದವನ್ನಿಟ್ಟಿರುವುದೂ ಸ್ವರದಲ್ಲಿ. ಆದಕಾರಣ ತುದಿ ಅರ್ಧ ಹರಿದರೂ ‘ದಾಟಬ್ಯಾ’ ಎಂಬಷ್ಟರಿಂದಲೇ ಕೇಳುವವನು ನಿಷೇಧವೆಂದು ತಿಳಿಯಬಲ್ಲನು. ಶಾಲೆಯಲ್ಲಿ ನಾವು ಅಶಿಷ್ಟವೆಂದು ತಿದ್ದುವ ರೂಪವು ಇಲ್ಲಿ ಶಿಷ್ಟರೂಪಕ್ಕಿಂತ ಕ್ಷೇಮಕರವಾಗಿದೆ. ಠಾಣೆಯವರು ಗ್ರಾಂಥಿಕ ಕನ್ನಡದಲ್ಲಿಯೇ ಮಾತನಾಡಬೇಕೆಂದು ಆ ಭಾಗದ ಚಾಲಕನನ್ನು ಯಾರಾದರೂ ಒತ್ತಾಯಿಸಿದರೆ ಅವನ ಕೈಯಿಂದ ಒಂದು ರಕ್ಷೆಯನ್ನು ಕಸಿದುಕೊಂಡಂತಾಗುವುದು.

ಆದರೂ ಒಂದು ಸ್ವರವನ್ನೇ ನಂಬಿ ಕೂಡುವುದು ವಿವೇಕವಲ್ಲ. ಇದಕ್ಕಿಂತ ದೃಢವಾದ ಉಪಾಯಗಳು ಮೂರು. ಮೊದಲನೆಯದು, ನಿಷೇಧವನ್ನು ನಿಷೇಧಪದದಿಂದ ಹೇಳದೆ ವಿಧಿಪದದಿಂದ ಹೇಳುವುದು. ‘ಸೇತುವೆಯನ್ನು ದಾಟಬೇಡಿ’ ಎಂಬುದಕ್ಕೆ ಬದಲಾಗಿ ‘ನಿಲ್ಲಿ, ಸೇತುವೆಯ ಈಚೆಗೇ ನಿಲ್ಲಿ’ ಎಂದರೆ ತುದಿಯು ಹರಿದರೂ ಅರ್ಥವು ತಿರುಗುವುದಿಲ್ಲ. ನಿಲ್ಲುವುದಕ್ಕೂ ಸಾಗುವುದಕ್ಕೂ ಬೇರೆ ಬೇರೆ ಧಾತುಗಳೇ ಇರಲಿ. ಒಂದೇ ಧಾತುವಿಗೆ ಎರಡು ಬಾಲಗಳು ಬೇಡ. ಎರಡನೆಯದು, ಮುಖ್ಯ ಪದವನ್ನು ವಾಕ್ಯದ ನಡುವಿನಲ್ಲಿ ಮತ್ತೊಮ್ಮೆ ಹೇಳುವುದು. ಆರಂಭವೂ ನಿರ್ಭಯವಲ್ಲ: ಗುಂಡಿಯೊತ್ತಿದೊಡನೆ ಯಂತ್ರವು ಸಿದ್ಧವಾಗಿ, ಮರುಪ್ರಸಾರಕೇಂದ್ರವು ಎಚ್ಚತ್ತು, ಕೇಳುವ ಯಂತ್ರವು ತೆರೆಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಗಿ ಮೊದಲ ಅಕ್ಷರವು ಕಳೆದುಹೋಗುವುದುಂಟು. ಗುಂಡಿಯೊತ್ತಿ, ಒಂದು ಉಸಿರಿನಷ್ಟು ತಾಳಿ, ಮಾತನಾಡಿ, ಮುಗಿದ ಮೇಲೆ ಮತ್ತೊಂದು ಉಸಿರಿನಷ್ಟು ತಾಳಿ ಬಿಡತಕ್ಕದ್ದು. ಮೂರನೆಯದು ಮರುನುಡಿ. ಕೇಳಿದವನು ‘ಹೂಂ’, ‘ಆಯಿತು’ ಎನ್ನದೆ ತಾನು ತಿಳಿದ ಆಜ್ಞೆಯನ್ನು ತನ್ನ ಬಾಯಿಂದ ಪೂರ್ಣವಾಗಿ ಹೇಳಬೇಕು. ಹೇಳಿದವನು ಅದನ್ನು ಕೇಳಿ ‘ಸರಿ’ ಎನ್ನಬೇಕು. ‘ಹೂಂ’ ಎಂಬುದು ಮಾತು ಕೇಳಿಸಿತೆಂಬುದಕ್ಕೆ ಸಾಕ್ಷಿಯೇ ಹೊರತು ಯಾವ ಮಾತು ಕೇಳಿಸಿತೆಂಬುದಕ್ಕೆ ಸಾಕ್ಷಿಯಲ್ಲ.

೪

ಸಂಖ್ಯೆಗಳ ವಿಷಯದಲ್ಲಿ ಇಷ್ಟೇ ಎಚ್ಚರ ಬೇಕು. ‘ಮೂರು’, ‘ನೂರು’, ‘ಆರು’ ಎಂಬ ಮೂರು ಪದಗಳು ಒಂದೇ ಪ್ರಾಸದವು. ಮಕಾರ ನಕಾರಗಳೆರಡೂ ಅನುನಾಸಿಕಗಳಾದುದರಿಂದ ಯಂತ್ರದೊಳಗೆ ಅವುಗಳ ಭೇದವು ಬಹಳ ಮಂದವಾಗುವುದು. ನಡುಗಡ್ಡೆಯಾದ ತೋಟದ ವಸ್ತಿಯಲ್ಲಿ ‘ಮೂರು ಜನ’ ಉಳಿದಿದ್ದಾರೆಂಬುದು ‘ನೂರು ಜನ’ ಎಂದಾದರೆ ಕಳುಹಿಸುವ ದೋಣಿಗಳ ಲೆಕ್ಕವೇ ಬೇರೆಯಾಗುವುದು, ತಲೆಕೆಳಗಾದರಂತೂ ಅನರ್ಥವೇ. ಇನ್ನು ‘ಏಳು’, ‘ಹತ್ತು’ ಎಂಬವು ಸಂಖ್ಯೆಗಳೂ ಹೌದು, ಎದ್ದು ನಿಲ್ಲು, ಮೇಲೇರು ಎಂಬ ಅರ್ಥದ ಕ್ರಿಯಾಪದಗಳೂ ಹೌದು. ದೋಣಿಯ ಬಳಿಯಲ್ಲಿ ‘ಹತ್ತು’ ಎಂದರೆ ಎಣಿಕೆಯೋ ಅಪ್ಪಣೆಯೋ ಕೇಳುವವನು ಊಹಿಸಬೇಕಾಗುವುದು. ಸಂಖ್ಯೆಯನ್ನು ಅಂಕೆಯಂಕೆಯಾಗಿ ಬಿಡಿಸಿ ಹೇಳುವುದು, ‘ನೂರು’ ಎಂಬುದಕ್ಕೆ ‘ಒಂದು ಸೊನ್ನೆ ಸೊನ್ನೆ’ ಎನ್ನುವುದು, ಮೊದಲು ‘ಸಂಖ್ಯೆ’ ಎಂಬ ಪದವನ್ನು ಸೇರಿಸುವುದು ಇದಕ್ಕೆ ಪರಿಹಾರ. ಶಂಕೆಯುಳಿದರೆ ‘ಎರಡರ ಮುಂದಿನ ಮೂರು’, ‘ಐದರ ಮುಂದಿನ ಆರು’ ಎಂದು ಎಣಿಕೆಯ ಕ್ರಮದಿಂದ ಗುರುತಿಸಬಹುದು. ಇದು ಕೃತಕವೆಂದು ಯಾರೂ ಹಳಿಯಬೇಕಾಗಿಲ್ಲ. ಕಣದಲ್ಲಿ ಧಾನ್ಯವನ್ನಳೆಯುವ ನಮ್ಮ ರೈತರು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದುಂಟು. ವೃತ್ತಿಯು ಬೇಡಿದಾಗ ಎಣಿಕೆಯ ಪದವನ್ನು ಬದಲಿಸುವುದು ಕನ್ನಡಕ್ಕೆ ಹೊಸತಲ್ಲ. ವೈಮಾನಿಕರೂ ನಾವಿಕರೂ ಬಳಸುವ ಇಂಗ್ಲಿಷಿನಲ್ಲಿ ಅಕ್ಷರಗಳಿಗೆ ‘ಆಲ್ಫ, ಬ್ರಾವೊ’ ಎಂಬ ಸಂಕೇತಪದಗಳು ೧೯೫೬ರಿಂದ ರೂಢಿಯಲ್ಲಿವೆ. ಅಲ್ಲಿಯೂ ಒಂಬತ್ತರ ಉಚ್ಚಾರವು ಐದರೊಡನೆ ಬೆರೆಯದಂತೆ ಅದಕ್ಕೊಂದು ಬಾಲವನ್ನು ಹಚ್ಚಿ ‘ನೈನರ್’ ಎನ್ನುತ್ತಾರೆ.

ಸ್ಥಳನಾಮಗಳಲ್ಲಿಯೂ ಈ ತೊಡಕು ಇದೆ. ರಾಯಬಾಗ ತಾಲ್ಲೂಕಿನಲ್ಲಿ ಚಿಂಚಲಿ, ಚಿಕ್ಕೋಡಿ ತಾಲ್ಲೂಕಿನಲ್ಲಿ ಚಿಂಚಣಿ, ಭೇದವೊಂದು ವ್ಯಂಜನದ್ದು. ಉಗಾರ ಖುರ್ದ, ಉಗಾರ ಬುದ್ರುಕ ಎಂಬ ಊರುಗಳ ಭೇದವಾದರೋ ಹೆಸರಿನ ತುದಿಯಲ್ಲಿದೆ. ಸಂಶೋಧಕರು ಶಾಸನಗಳಲ್ಲಿ ಸಮಾನ ನಾಮದ ಊರುಗಳನ್ನು ಗುರುತಿಸಲು ನಾಡು, ಕಂಪಣ, ಎಲ್ಲೆಗಳ ಉಲ್ಲೇಖವನ್ನು ಹುಡುಕುವಂತೆ, ನಿಸ್ತಂತುವಿನಲ್ಲಿಯೂ ಊರಿನ ಹೆಸರಿಗೆ ಒಂದು ವಿಶೇಷಣವನ್ನು ಜೋಡಿಸಬೇಕು: ‘ಮಾಯಕ್ಕನ ಚಿಂಚಲಿ’, ‘ಅಲ್ಲಮಪ್ರಭು ಮಠದ ಚಿಂಚಣಿ’. ‘ಆ ಕಡೆ’, ‘ಈಚೆ’, ‘ಎಡಕ್ಕೆ’ ಎಂಬ ಪದಗಳು ಮಾತ್ರ ಒಂಟಿಯಾಗಿ ಬರಕೂಡದು. ಮಾತನಾಡುವವನು ಕೇಳುವವನ ಕಣ್ಣೆದುರಿಗೆ ಇಲ್ಲದಿರುವಾಗ ಇವಕ್ಕೆ ಅರ್ಥವೇ ಇಲ್ಲ. ಹೊಳೆಯ ಯಾವ ದಡವೆಂಬುದನ್ನು ‘ಕುಡಚಿಯ ದಡ’, ‘ಉಗಾರದ ದಡ’ ಎಂದು ಊರಿನಿಂದಲೇ ಹೇಳುವುದು ಲೇಸು.

ಗಡಿಯ ಭಾಷಾಮಿಶ್ರಣವು ಮತ್ತೊಂದು ಎಚ್ಚರವನ್ನು ಬೇಡುತ್ತದೆ. ಮರಾಠಿಯಲ್ಲಿ ‘ಸಹಾ’ ಎಂದರೆ ಆರು, ‘ದಹಾ’ ಎಂದರೆ ಹತ್ತು. ‘ಸಾತ’ ಏಳು, ‘ಆಠ’ ಎಂಟು, ‘ಸಾಠ’ ಅರವತ್ತು. ಯಂತ್ರವು ಸಕಾರವನ್ನು ನುಂಗಿದರೆ ಇವುಗಳಲ್ಲಿ ಉಳಿಯುವ ಭೇದವು ಅತ್ಯಲ್ಪ. ನಿಷೇಧವೂ ಅಲ್ಲಿ ‘ನಕೋ’, ‘ನಾಹೀ’ ಎಂದು ವಾಕ್ಯದ ಕೊನೆಗೇ ಬರುವುದು. ಆದುದರಿಂದ ಜಾತ್ರೆಯಲ್ಲಾಗಲಿ ನೆರೆಯಲ್ಲಾಗಲಿ ಎರಡು ಸಂಸ್ಥಾನಗಳ ಜನರು ಒಂದೇ ಮಾರ್ಗದಲ್ಲಿ ಮಾತನಾಡುವ ಪ್ರಸಂಗ ಬಂದರೆ, ಎಣಿಕೆಯನ್ನು ಯಾವ ಭಾಷೆಯಲ್ಲಿ ಮಾಡಬೇಕು, ನಿಲ್ಲಿಸುವ ಪದ ಯಾವುದು, ಸಾಗಿಸುವ ಪದ ಯಾವುದು ಎಂಬುದನ್ನು ಕೆಲಸಕ್ಕೆ ತೊಡಗುವ ಮೊದಲೇ ನಿಶ್ಚಯಿಸಿ ಎಲ್ಲರಿಗೂ ತಿಳಿಸಿರಬೇಕು. ಮರುನುಡಿಯನ್ನು ಕೇಳುವವನು ತನ್ನ ಭಾಷೆಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಶಬ್ದವು ಮಾತ್ರವಲ್ಲದೆ ಅರ್ಥವೂ ತಲುಪಿತೆಂಬುದು ಆಗ ಸಿದ್ಧವಾಗುವುದು.

೫

ಮಾತಿನ ಮೇಲೆ ಇಷ್ಟು ಗಮನ ಬೇಕಾದ ಪಕ್ಷದಲ್ಲಿ ಅದನ್ನು ವಾಹನ ನಡೆಸುತ್ತಿರುವವನು ಒದಗಿಸಲಾರನೆಂಬುದು ಸ್ಪಷ್ಟ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ೩ ಸೆಕೆಂಡಿನಲ್ಲಿ ೫೦ ಮೀಟರ್ ಸಾಗುತ್ತದೆ. ಮಾರ್ಗವನ್ನು ಬದಲಿಸಲು ಯಂತ್ರದ ಮುಖವನ್ನು ನೋಡಿ ತಿರುಗುವಷ್ಟರಲ್ಲಿ ಈ ೫೦ ಮೀಟರ್ ಕಣ್ಣಿಲ್ಲದೆ ಕಳೆದುಹೋಗುವುದು. ಹಿಂದೆ ದೀಪವಿಲ್ಲದ ಬಂಡಿಯೋ, ಜೋಡಿ ಟ್ರೇಲರಿನ ಕಬ್ಬಿನ ಹೇರೋ ಎದುರಾಗಬಹುದಾದ ರಾತ್ರಿಯಲ್ಲಿ ಅಷ್ಟು ದೂರ ಅಲ್ಪವಲ್ಲ. ಕೈಯನ್ನು ಬಿಡಿಸಿಕೊಟ್ಟ ಮಾತ್ರಕ್ಕೆ ದೋಷವು ಪರಿಹಾರವಾಗುವುದಿಲ್ಲ. ಕೇಳಿದ ಅಂಕೆಯನ್ನು ನೆನಪಿನಲ್ಲಿಟ್ಟು ಉತ್ತರವನ್ನು ಜೋಡಿಸುವ ಮನಸ್ಸು ರಸ್ತೆಯಿಂದ ದೂರವಾಗಿಯೇ ಇರುತ್ತದೆ. ಆದಕಾರಣ ವಾಹನದಲ್ಲಿ ಇಬ್ಬರಿದ್ದರೆ ಚಾಲಕನಲ್ಲದವನು ಯಂತ್ರವನ್ನು ನೋಡಿಕೊಳ್ಳಬೇಕು. ಒಬ್ಬನೇ ಇದ್ದರೆ ಸುರಕ್ಷಿತ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಿ ಮಾತನಾಡಬೇಕು. ಠಾಣೆಯಲ್ಲಿ ಕುಳಿತವನಿಗೂ ಇದರಲ್ಲಿ ಹೊಣೆಯುಂಟು: ಕರೆದೊಡನೆ ಉತ್ತರ ಬರಲಿಲ್ಲವೆಂದು ಪದೇ ಪದೇ ಕರೆದು ಚಾಲಕನನ್ನು ಅವಸರಕ್ಕೀಡುಮಾಡಬಾರದು. ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಬಂದ ತಿದ್ದುಪಡಿಯು ವಾಹನ ನಡೆಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕಸಾಧನದ ಬಳಕೆಯನ್ನು ಅಪಾಯಕರ ಚಾಲನೆಯಲ್ಲಿ ಸೇರಿಸಿರುವುದನ್ನೂ ಇಲ್ಲಿ ನೆನೆಯಬೇಕು.

ಇನ್ನು ಯಂತ್ರವನ್ನು ಕೂಡಿಸುವ ವಿಧಾನ. ಅಪಘಾತದಲ್ಲಿ ಕಿತ್ತು ಹಾರದಂತೆ ಅದನ್ನು ಬಲವಾದ ಹಿಡಿಕೆಯಲ್ಲಿ ಬಿಗಿಯಬೇಕು; ರಕ್ಷಣೆಯ ಗಾಳಿಚೀಲವು ಬಿಚ್ಚಿಕೊಳ್ಳುವ ಹಾದಿಯಲ್ಲಿ ಯಂತ್ರವಾಗಲಿ ತಂತಿಯಾಗಲಿ ಇರಕೂಡದು. ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಜು ಬೇಕು. ದೂರದಲ್ಲಿಟ್ಟರೆ ನಡುವೆ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿದಾಗ ಬೆಂಕಿಯನ್ನು ತಡೆಯುವುದು ಯಾವುದೂ ಇರುವುದಿಲ್ಲ. ಬಹುಮಟ್ಟಿಗೆ ಈ ಯಂತ್ರಗಳು ೧೨ ವೋಲ್ಟಿನ ವ್ಯವಸ್ಥೆಗೆ ತಕ್ಕವು. ಭಾರಿ ಲಾರಿಗಳ ೨೪ ವೋಲ್ಟಿಗೆ ನೇರವಾಗಿ ಜೋಡಿಸಿದರೆ ಹಾಳಾಗುವುವು. ಹೇಳುವಾಗ ತಗಲುವ ವಿದ್ಯುತ್ತು ಕೇಳುವಾಗ ತಗಲುವುದಕ್ಕಿಂತ ಹಲವು ಪಟ್ಟು ಹೆಚ್ಚು. ನೆರೆಯ ರಾತ್ರಿಯಲ್ಲಿ ಎಂಜಿನ್ ನಿಲ್ಲಿಸಿ ಕಾದಿರುವ ವಾಹನವು ಮಿತಭಾಷಿಯಾಗಿರಬೇಕಾದುದಕ್ಕೆ ಇದೂ ಒಂದು ಕಾರಣ. ವೃಥಾಲಾಪದಿಂದ ಬ್ಯಾಟರಿಯು ಬರಿದಾದರೆ ವಾಹನವೂ ಏಳದು, ಮೊರೆಯೂ ಹೋಗದು.

ಏರಿಯಲ್ಲಿನ ವಿಷಯದಲ್ಲಿಯೂ ಕೆಲವು ನಿಯಮಗಳುಂಟು. ಸೆಕೆಂಡಿಗೆ ೧೫ ಕೋಟಿ ಕಂಪನಗಳ ಅಲೆಯು ಸುಮಾರು ೨ ಮೀಟರ್ ಉದ್ದವಿರುತ್ತದೆ. ಅದರ ಕಾಲುಭಾಗವಾದ ಅರ್ಧ ಮೀಟರಿನ ಕಡ್ಡಿಯೇ ಸಾಧಾರಣ ಏರಿಯಲ್. ಲೋಹದ ಮಾಡಿನ ನಡುವೆ ನಿಲ್ಲಿಸಿದರೆ ಅಲೆಯು ಸುತ್ತಲೂ ಸಮನಾಗಿ ಹರಡುವುದಲ್ಲದೆ ಒಳಗೆ ಕುಳಿತವರಿಗೆ ಮಾಡೇ ಮರೆಯಾಗುವುದು. ವಾಹನಯಂತ್ರಗಳ ಶಕ್ತಿಯು ಸಾಮಾನ್ಯವಾಗಿ ೨೫ ವಾಟಿನಷ್ಟಿರಬಹುದಾದುದರಿಂದ, ಏರಿಯಲ್ಲಿನಿಂದ ಕಡಿಮೆಯೆಂದರೆ ಒಂದು ಮೀಟರಿನೊಳಗೆ ಯಾರಾದರೂ ನಿಂತಿರುವಾಗ ಗುಂಡಿಯೊತ್ತಬಾರದು. ಜಾತ್ರೆಯ ಸಂದಣಿಯಲ್ಲಿ ಮಕ್ಕಳು ವಾಹನಕ್ಕೆ ಆತುಕೊಂಡಿರುವುದನ್ನು ಮೊದಲು ನೋಡಬೇಕು. ಪೆಟ್ರೋಲು ತುಂಬುವ ಸ್ಥಳದಲ್ಲಿಯೂ, ಸಕ್ಕರೆ ಕಾರ್ಖಾನೆಗಳಿಗೆ ಹೊಂದಿಕೊಂಡ ಮದ್ಯಸಾರದ ಭಟ್ಟಿಗಳ ಬಳಿಯಲ್ಲಿಯೂ ಪ್ರಸಾರ ನಿಷಿದ್ಧ. ಕಲ್ಲಿನ ಗಣಿಗಳಲ್ಲಿ, ಬಾವಿ ತೋಡುವ ಕಡೆಗಳಲ್ಲಿ ವಿದ್ಯುತ್ತಿನಿಂದ ಸಿಡಿಯುವ ಮದ್ದನ್ನು ಹೂಡಿದ್ದರೆ ನಿಸ್ತಂತುವಿನ ಅಲೆಯೇ ಅದರ ತಂತಿಗಳಲ್ಲಿ ಪ್ರವಾಹವನ್ನು ಹುಟ್ಟಿಸಿ ಅಕಾಲದಲ್ಲಿ ಸಿಡಿಸುವ ಸಂಭವವಿರುವುದರಿಂದ, ಎಚ್ಚರಿಕೆಯ ಫಲಕವನ್ನು ಕಂಡೊಡನೆ ಯಂತ್ರವನ್ನು ಆರಿಸಿಬಿಡಬೇಕು. ಉದ್ದವಾದ ಏರಿಯಲ್ಲುಳ್ಳ ವಾಹನವು ಜೋತುಬಿದ್ದ ವಿದ್ಯುತ್ತಂತಿಯ ಕೆಳಗೆ ಹಾದುಹೋಗಬಾರದು. ಗುಡುಗು ಮಿಂಚುಗಳ ನಡುವೆ ಮೈಕನ್ನು ಹಿಡಿಯಬಾರದು.

ನಿಸ್ತಂತುವಿನ ಮಾತು ಗಾಳಿಯ ಮಾತು. ಬೇಕಾದವನಿಗೂ ಬೇಡದವನಿಗೂ ಅದು ಕೇಳಿಸಬಹುದು. ಗಾಯಾಳುವಿನ ಹೆಸರನ್ನಾಗಲಿ ಕುಲವನ್ನಾಗಲಿ ಅದರಲ್ಲಿ ಹೇಳುವುದು ಸಲ್ಲದು. ಆಕಾಶಮಾರ್ಗವು ಯಾರೊಬ್ಬರ ಸೊತ್ತೂ ಅಲ್ಲ. ೧೮೮೫ರ ತಂತಿ ಕಾಯಿದೆ, ೧೯೩೩ರ ನಿಸ್ತಂತು ತಂತಿ ಕಾಯಿದೆಗಳ ಕಾಲದಿ೦ದಲೂ ಪ್ರಸಾರಯಂತ್ರಕ್ಕೆ ಸರ್ಕಾರದ ಅನುಮತಿಯು ಅಗತ್ಯವಾಗಿದೆ; ೨೦೨೩ರಲ್ಲಿ ಈ ವಿಷಯವನ್ನೆಲ್ಲ ಒಳಗೊಂಡ ದೂರಸಂಪರ್ಕ ಕಾಯಿದೆಯು ಅಂಗೀಕೃತವಾಯಿತು. ಅತ್ಯಲ್ಪ ಶಕ್ತಿಯ ಕೆಲವು ಉಪಕರಣಗಳಿಗೆ ಮಾತ್ರ ವಿನಾಯಿತಿಯುಂಟು.

೬

ಒಟ್ಟಿನಲ್ಲಿ ಹೇಳತಕ್ಕದ್ದಿಷ್ಟು. ವಾಹನದ ನಿಸ್ತಂತುಯಂತ್ರದ ಬಳಕೆಯಲ್ಲಿ ಕೈ, ಕಿವಿ, ನುಡಿ ಎಂಬ ಮೂರರ ಸಂಯಮವು ಬೇಕು. ಕೈಯ ಸಂಯಮವೆಂದರೆ ಚಕ್ರ ಹಿಡಿದ ಕೈ ಮೈಕನ್ನು ಹಿಡಿಯದಿರುವುದು. ಕಿವಿಯ ಸಂಯಮವೆಂದರೆ ಒತ್ತುವ ಮೊದಲು ಕೇಳುವುದು, ಕೇಳಿದುದನ್ನು ಮರುನುಡಿಯುವುದು. ನುಡಿಯ ಸಂಯಮವೆಂದರೆ ಪ್ರಾಣರಕ್ಷಕವಾದ ಪದವನ್ನು ವಾಕ್ಯದ ಬಾಲದಲ್ಲಿ ಒಂಟಿಯಾಗಿ ತೂಗುಹಾಕದಿರುವುದು.

ಮೊದಲನೆಯ ಎರಡನ್ನು ಆಯಾ ಇಲಾಖೆಗಳವರು ಕಲಿಸಬಲ್ಲರು. ಮೂರನೆಯದರಲ್ಲಿ ಅವರಿಗೆ ವಿದ್ವಾಂಸರ ನೆರವು ಬೇಕು. ಯಾವ ಪದಗಳು ಒಂದರೊಡನೊಂದು ಬೆರೆಯುತ್ತವೆ, ಯಾವ ಪ್ರಾಂತದ ರೂಪವು ಭೇದವನ್ನು ಚೆನ್ನಾಗಿ ಕಾಯುತ್ತದೆ, ಸಂಖ್ಯೆಗಳಿಗೂ ಅಕ್ಷರಗಳಿಗೂ ಯಾವ ಗುರುತಿನ ಮಾತುಗಳು ಒಪ್ಪುತ್ತವೆ ಎಂಬುದನ್ನು ಪರೀಕ್ಷಿಸಿ ಒಂದು ಚಿಕ್ಕ ಪಟ್ಟಿಯನ್ನು ಮಾಡಿಕೊಡುವುದು ಕನ್ನಡದ ಅಧ್ಯಾಪಕರಿಗೆ ಅಸಾಧ್ಯವಾದ ಕೆಲಸವಲ್ಲ. ತರಗತಿಯಲ್ಲಿ ನಿಷೇಧರೂಪಗಳನ್ನು ಬೋಧಿಸುವಾಗ ‘ಮಾಡುವೆನು’, ‘ಮಾಡೆನು’ ಎಂದು ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಅಲ್ಲಿಯೂ ವಿಧಿಗೂ ನಿಷೇಧಕ್ಕೂ ನಡುವೆ ಇರುವುದು ಒಂದೇ ಅಕ್ಷರ. ಆ ಒಂದು ಅಕ್ಷರವು ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಗುವುದು. ಕೃಷ್ಣೆಯು ಸೇತುವೆಯನ್ನೇರಿದ ರಾತ್ರಿಯಲ್ಲಿ ತಪ್ಪಿದರೆ ಹೋಗುವುದು ಅಂಕವಲ್ಲ.